ಮೊದಲ ಕುರ್ಚಿಯ ‘ನೋಡೋಣ’

ಹೌದು ಎನ್ನಲು ಮನಸ್ಸಿಲ್ಲ, ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಅಂಥ ಹೊತ್ತಿಗೆ ಕನ್ನಡಿಗರಿಗೆ ಒದಗಿಬರುವ ಮಾತು ‘ನೋಡೋಣ’. ಗೃಹಪ್ರವೇಶಕ್ಕೆ ಬರುತ್ತೀರಾ ಎಂದರೆ ನೋಡೋಣ; ಕೈಗಡ ಯಾವಾಗ ವಾಪಸು ಎಂದರೆ ನೋಡೋಣ. ಅಡ್ಡಗೋಡೆಯ ಮೇಲೆ ದೀಪ ಇಡುವ ಈ ಕಲೆ ಕನ್ನಡದ ಸ್ವತ್ತೇನೂ ಅಲ್ಲ. ಪುಣೆಯಲ್ಲಿ ಅದು ‘ಬಘೂ’, ಚೆನ್ನೈಯಲ್ಲಿ ‘ಪಾಕ್ಕಲಾಂ’, ಹೈದರಾಬಾದಿನಲ್ಲಿ ‘ಚೂದ್ದಾಂ’, ದಿಲ್ಲಿಯಲ್ಲಿ ‘ದೇಖ್ತೇ ಹೈಂ’. ಬದುಕಿನ ಬಹುಪಾಲು ಕಡೆ ಈ ಮಾತಿನಿಂದ ಯಾರಿಗೂ ನಷ್ಟವಿಲ್ಲ. ಎಷ್ಟೋ ಸಂಬಂಧಗಳು ಉಳಿದಿರುವುದೇ ಇದರಿಂದ. ಆದರೆ ಇದಕ್ಕೆ ನಗದಾಗಿ ದಂಡ ಕಟ್ಟಬೇಕಾದ ಜಾಗ ಒಂದಿದೆ. ಅದು ಪೋಕರ್ ಮೇಜಿನ ಮೊದಲ ಕುರ್ಚಿ.

ಈಗ ಎಲ್ಲ ಕಡೆ ಹೆಚ್ಚಾಗಿ ಆಡುವ ಪೋಕರ್ ಎಂದರೆ ಟೆಕ್ಸಸ್ ಹೋಲ್ಡೆಮ್. ಆಡಿ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಪ್ರತಿಯೊಬ್ಬರಿಗೂ ಎರಡೆರಡು ಎಲೆ, ಬೇರೆಯವರಿಗೆ ಕಾಣದಂತೆ. ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ಮೂರು ಕಂತಿನಲ್ಲಿ ಬಿಚ್ಚಿಕೊಳ್ಳುತ್ತವೆ. ಮೊದಲ ಕಂತಿನಲ್ಲಿ ಒಟ್ಟಿಗೇ ಮೂರು, ಅದಕ್ಕೆ ಫ್ಲಾಪ್ ಎಂದು ಹೆಸರು. ಮತ್ತೆ ಒಂದು, ಕೊನೆಗೆ ಇನ್ನೊಂದು. ಕೈಯ ಎರಡು, ಮೇಜಿನ ಐದು, ಈ ಏಳರಲ್ಲಿ ಯಾರು ಐದೆಲೆಯ ಒಳ್ಳೆಯ ಕೂಟ ಕಟ್ಟುತ್ತಾರೋ ಅವರದು ಗೆಲುವು. ಫ್ಲಾಪಿಗೆ ಮೊದಲೊಂದು ಸುತ್ತು ಪಣ, ಪ್ರತಿ ಕಂತಿನ ನಂತರ ಇನ್ನೊಂದೊಂದು ಸುತ್ತು. ಹಂಚುವವರ ಸ್ಥಾನವನ್ನು ತೋರಿಸುವ ಬಿಲ್ಲೆಗೆ ಬಟನ್ ಎನ್ನುತ್ತಾರೆ. ಅದು ಪ್ರತಿ ಆಟಕ್ಕೂ ಒಂದೊಂದು ಕುರ್ಚಿ ಮುಂದೆ ಸರಿಯುತ್ತದೆ. ಬಟನ್ನಿನ ಎಡಕ್ಕಿರುವ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಸ್ವಲ್ಪ ಹಣ ಹಾಕಿರಬೇಕು. ಒಬ್ಬರದು ಸಣ್ಣ ಬ್ಲೈಂಡ್, ಇನ್ನೊಬ್ಬರದು ಅದರ ಎರಡರಷ್ಟಿರುವ ದೊಡ್ಡ ಬ್ಲೈಂಡ್.

ಈ ಇಬ್ಬರ ಪಕ್ಕದಲ್ಲಿ ಕೂತವರು ಎಲ್ಲರಿಗಿಂತ ಮೊದಲು ಬಾಯಿ ಬಿಡಬೇಕು. ಇಂಗ್ಲಿಷಿನಲ್ಲಿ ಆ ಕುರ್ಚಿಗೆ ‘ಅಂಡರ್ ದ ಗನ್’ ಎಂದು ಹೆಸರು. ಬಂದೂಕಿನ ಗುರಿಗೆ ಸಿಕ್ಕವರ ಜಾಗ. ಹೆಸರು ಸ್ವಲ್ಪ ಅತಿಯಾಯಿತು ಎನ್ನಿಸಬಹುದು, ಆದರೆ ಇಟ್ಟವರಿಗೆ ಆಟ ಗೊತ್ತಿತ್ತು. ಆ ಕುರ್ಚಿಯವರ ಮುಂದೆ ಮೂರು ದಾರಿಗಳಿವೆ. ಎಲೆ ಬಿಡಬಹುದು, ಅದು ಫೋಲ್ಡ್. ಪಣ ಏರಿಸಬಹುದು, ಅದು ರೇಸ್. ಇವೆರಡರ ನಡುವೆ, ದೊಡ್ಡ ಬ್ಲೈಂಡಿನಷ್ಟೇ ಹಣ ಹಾಕಿ ಮೆಲ್ಲಗೆ ಒಳಗೆ ಸೇರಿಕೊಳ್ಳಬಹುದು. ಈ ಮೂರನೆಯದಕ್ಕೆ ಲಿಂಪ್ ಎನ್ನುತ್ತಾರೆ, ಅಂದರೆ ಕುಂಟು ನಡಿಗೆ. ‘ನೋಡೋಣ’ ಎಂಬುದರ ಪೋಕರ್ ಅನುವಾದ ಇದೇ.

ದುರ್ಬಲ ಎಲೆ ಹಿಡಿದು ಮೊದಲ ಕುರ್ಚಿಯಲ್ಲಿ ಕೂತಾಗ ಜಾಗ್ರತೆಯಿಂದ ಆಡಬೇಕು ಎಂದು ಯಾವ ಪುಸ್ತಕ ತೆಗೆದರೂ ಬರೆದಿರುತ್ತದೆ. ತಕರಾರು ಇರುವುದು ಆ ಸಲಹೆಯ ಮೇಲಲ್ಲ. ಜಾಗ್ರತೆ ಎಂದರೆ ಕಡಿಮೆ ಹಣ ಹಾಕಿ ಒಳಗೆ ಹೋಗುವುದು ಎಂದು ನಮ್ಮಲ್ಲಿ ಹಲವರು ತಿಳಿದುಕೊಂಡಿದ್ದಾರಲ್ಲ, ಅದರ ಮೇಲೆ. ಅದು ಜಾಗ್ರತೆಯೇ ಅಲ್ಲ. ಆ ಕುರ್ಚಿಯಲ್ಲಿ ಜಾಗ್ರತೆಗೆ ಇರುವುದು ಒಂದೇ ಅರ್ಥ, ಎಲೆ ಬಿಡುವುದು.

ಇದು ಧೈರ್ಯ–ಹೇಡಿತನದ ಮಾತಲ್ಲ, ಎಣಿಕೆಯ ಮಾತು. 52 ಎಲೆಗಳಿಂದ ಎರಡೆಲೆಯ ಕೈಗಳು 1,326 ಬಗೆಯಲ್ಲಿ ಬರಬಹುದು. ಅವುಗಳಲ್ಲಿ ನಿಜಕ್ಕೂ ದೊಡ್ಡವು ಯಾವುವು? ಹತ್ತರ ಜೋಡಿಯಿಂದ ಎಕ್ಕದ ಜೋಡಿಯವರೆಗಿನ ಐದು ಜೋಡಿಗಳು, ಎಕ್ಕ–ರಾಜ, ಎಕ್ಕ–ರಾಣಿ ಎಂದು ಹಿಡಿಯೋಣ. ಇವೆಲ್ಲ ಸೇರಿ 62 ಆಗುತ್ತವೆ, ಅಂದರೆ ನೂರಕ್ಕೆ ಐದಕ್ಕಿಂತ ಸ್ವಲ್ಪ ಕಡಿಮೆ. ಒಬ್ಬ ಎದುರಾಳಿಯ ಕೈಯಲ್ಲಿ ಇಂಥದ್ದು ಇರುವ ಸಂಭವ ಇಷ್ಟು ಕಡಿಮೆ ಎಂದಾಗ ಯಾರಿಗಾದರೂ ಧೈರ್ಯ ಬರುತ್ತದೆ. ಆದರೆ ಒಂಬತ್ತು ಜನರ ಮೇಜಿನಲ್ಲಿ ಮೊದಲ ಕುರ್ಚಿಯವರ ನಂತರ ಮಾತಾಡಲು ಬಾಕಿ ಇರುವವರು ಒಬ್ಬರಲ್ಲ, ಎಂಟು ಮಂದಿ. ಎಂಟರಲ್ಲಿ ಒಬ್ಬರ ಬಳಿಯಾದರೂ ಇಂಥ ಕೈ ಇರುವ ಸಂಭವ ಹೆಚ್ಚುಕಡಿಮೆ ಮೂರಕ್ಕೆ ಒಂದು. ಅದೇ ಬಟನ್ನಿನಲ್ಲಿ ಕೂತು, ಮುಂದಿನವರೆಲ್ಲ ಬಿಟ್ಟು, ಬ್ಲೈಂಡಿನ ಇಬ್ಬರೇ ಉಳಿದಿದ್ದರೆ ಹನ್ನೊಂದಕ್ಕೆ ಒಂದು. ಎಲೆ ಅದೇ, ಆಟಗಾರ ಅದೇ. ಕುರ್ಚಿ ಬದಲಾದದ್ದಕ್ಕೆ ಅಪಾಯ ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸವಾಯಿತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಫ್ಲಾಪ್ ಬಂದ ಮೇಲೆಯೂ, ಬ್ಲೈಂಡಿನವರು ಆಟ ಬಿಟ್ಟಿದ್ದರೆ, ಮೊದಲು ಮಾತಾಡಬೇಕಾದವರು ಮತ್ತೆ ಇವರೇ. ಮುಂದಿನ ಎರಡು ಕಂತಿಗೂ ಇವರೇ. ಎದುರಿನವರು ಪ್ರತಿ ಸಲವೂ ಇವರು ಏನು ಮಾಡಿದರು ಎಂದು ನೋಡಿ ತೀರ್ಮಾನಿಸುತ್ತಾರೆ; ಇವರಿಗೆ ಆ ಅನುಕೂಲ ಒಮ್ಮೆಯೂ ಇಲ್ಲ. ‘ನೋಡೋಣ’ ಎಂದು ಒಳಗೆ ಬಂದವರಿಗೆ ನೋಡಲು ಸಿಗುವುದೇನೂ ಇಲ್ಲ. ನೋಡುತ್ತಿರುವವರು ಎದುರಿನವರು.

ಒಂದು ಆಟವನ್ನೇ ಎತ್ತಿಕೊಳ್ಳೋಣ. ಶನಿವಾರ ರಾತ್ರಿ ಯಾವುದೋ ಫ್ಲಾಟಿನಲ್ಲಿ ಒಂಬತ್ತು ಜನ ಕೂತಿದ್ದಾರೆ, ಬ್ಲೈಂಡ್ 5 ಮತ್ತು 10 ರೂಪಾಯಿ. ಮೊದಲ ಕುರ್ಚಿಯವನಿಗೆ ಎಕ್ಕ ಮತ್ತು ಒಂಬತ್ತು ಬಂದಿವೆ, ಒಂದು ಇಸ್ಪೀಟು, ಒಂದು ಆಟೀನು. ಎಕ್ಕ ಕಂಡರೆ ಬಿಡಲು ಮನಸ್ಸು ಬಾರದು. ಏರಿಸುವಷ್ಟು ನಂಬಿಕೆಯೂ ಇಲ್ಲ. ಹತ್ತು ರೂಪಾಯಿ ಹಾಕಿ ಒಳಗೆ ಬರುತ್ತಾನೆ. ನಾಲ್ಕು ಕುರ್ಚಿ ಆಚೆಗೆ ಒಬ್ಬಳು 50ಕ್ಕೆ ಏರಿಸುತ್ತಾಳೆ, ಉಳಿದವರೆಲ್ಲ ಬಿಡುತ್ತಾರೆ. ಈಗ ಇವನ ತಲೆಯಲ್ಲಿ ನಡೆಯುವ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ: ಹತ್ತು ಹಾಕಿಯಾಗಿದೆ, ಇನ್ನು ನಲವತ್ತು ತಾನೇ, ಮಧ್ಯದಲ್ಲಿ ಆಗಲೇ 75 ಬಿದ್ದಿದೆ. ಹಾಕುತ್ತಾನೆ. ಫ್ಲಾಪಿನಲ್ಲಿ ಎಕ್ಕ, ಎಂಟು, ನಾಲ್ಕು. ಬೇಕಾಗಿದ್ದದ್ದೇ ಬಂತು! ಅವಳು 60 ಹಾಕುತ್ತಾಳೆ, ಇವನೂ ಹಾಕುತ್ತಾನೆ. ಮುಂದಿನ ಎಲೆ ಮೂರು; ಅವಳು 130, ಇವನೂ 130. ಕೊನೆಯ ಎಲೆ ಗುಲಾಮ, ಅವಳು 250. ಎಕ್ಕದ ಜೋಡಿ ಹಿಡಿದು ಈಗ ಬಿಡುವುದುಂಟೇ? ಅವಳ ಎಲೆ ತೆರೆದಾಗ ಎಕ್ಕ–ರಾಣಿ. ಹತ್ತು ರೂಪಾಯಿಯ ‘ನೋಡೋಣ’ಕ್ಕೆ 490 ರೂಪಾಯಿ ಹೋಯಿತು.

ಇದನ್ನು ಅವನು ದುರಾದೃಷ್ಟ ಎನ್ನುತ್ತಾನೆ. ಅದೃಷ್ಟ ಕೆಟ್ಟಿದ್ದಲ್ಲ, ಫ್ಲಾಪಿನಲ್ಲಿ ಎಕ್ಕ ಬಂದದ್ದು ಅವನು ಬೇಡಿಕೊಂಡಿದ್ದೇ. ಎಕ್ಕ–ಒಂಬತ್ತು ಎಕ್ಕ–ರಾಣಿಯ ಎದುರು ನಾಲ್ಕರಲ್ಲಿ ಸುಮಾರು ಒಂದು ಸಲ ಮಾತ್ರ ಗೆಲ್ಲುವ ಕೈ, ಯಾಕೆಂದರೆ ಇಬ್ಬರಿಗೂ ಒಂದೇ ಎಕ್ಕ ಒಲಿದರೆ ಪಕ್ಕದ ಎಲೆ ತೀರ್ಪು ಹೇಳುತ್ತದೆ. ಸರಿ, ಅವಳ ಬಳಿ ಹತ್ತರ ಜೋಡಿ ಇದ್ದು ಇದೇ ಫ್ಲಾಪ್ ಬಂದಿದ್ದರೆ? ಎಕ್ಕ ನೋಡಿ ಅವಳು ಕೈ ಬಿಗಿ ಹಿಡಿಯುತ್ತಿದ್ದಳು. ಹೆಚ್ಚೆಂದರೆ ಒಂದು ಪಣ, ಆಮೇಲೆ ಮೌನ. ಅವಳು ಹಾಕಿದ್ದ 50, ಮಧ್ಯದ ಬ್ಲೈಂಡು, ಮೇಲೊಂದಿಷ್ಟು ಅವನಿಗೆ ಸಿಗುತ್ತಿತ್ತು. ಗೆದ್ದಾಗ ಸಣ್ಣ ಮೊತ್ತ, ಸೋತಾಗ ದೊಡ್ಡ ಮೊತ್ತ. ದುರ್ಬಲ ಎಲೆಯ ಸ್ವಭಾವವೇ ಇದು. ಆ ಎಲೆಗೆ ಬೇಕಾದದ್ದು ಮೇಜಿನ ಮೇಲೆ ಬಂದಾಗ, ಅದಕ್ಕಿಂತ ಕಡಿಮೆ ಇರುವವರು ಎದ್ದು ಹೋಗುತ್ತಾರೆ, ಹೆಚ್ಚು ಇರುವವರು ಕೂತಿರುತ್ತಾರೆ.

ಹೋಲ್ಡೆಮ್ಮಿನಲ್ಲಿ ಅತ್ಯಂತ ಕೆಟ್ಟ ಕೈ ಎಂದು ಹೆಸರಾದದ್ದು ಬೇರೆ ಬೇರೆ ಬಣ್ಣದ ಏಳು–ಎರಡು. ಅದರಿಂದ ಯಾರ ಮನೆಯೂ ಹಾಳಾಗುವುದಿಲ್ಲ. ಕೈಗೆ ಬಂದ ಕೂಡಲೇ ಎಸೆಯುತ್ತಾರೆ, ಕಥೆ ಮುಗಿಯಿತು. ಹಣ ಕೀಳುವುದು ನೋಡಲು ಚೆನ್ನಾಗಿರುವ ದುರ್ಬಲ ಎಲೆಗಳು: ಎಕ್ಕ–ಒಂಬತ್ತು, ರಾಜ–ಹತ್ತು, ರಾಣಿ–ಗುಲಾಮ. ಚಿತ್ರದ ಎಲೆಗಳಿಗೆ ಒಂದು ಸೊಗಸಿದೆ, ಗಡ್ಡ, ಕಿರೀಟ, ಕೈಯಲ್ಲಿ ಹೂವು. ಹನ್ನೆರಡು ಸಲ ಕಸ ಬಂದ ಮೇಲೆ ಹದಿಮೂರನೆಯ ಸಲ ರಾಜ–ಹತ್ತು ಬಂದರೆ ಅದು ಬಿಸಿಲಲ್ಲಿ ಸಿಕ್ಕ ನೆರಳಿನಂತೆ ಕಾಣುತ್ತದೆ. ಸಣ್ಣ ಜೋಡಿಗಳದೂ ಇದೇ ಮೋಸ. ಎರಡರ ಜೋಡಿ ಜೋಡಿಯೇ ಹೌದು, ಆದರೆ ಫ್ಲಾಪಿನಲ್ಲಿ ಮೂರನೆಯ ಎರಡು ಬಂದು ಸೇರುವುದು ಎಂಟೂವರೆ ಸಲಕ್ಕೆ ಒಂದು ಸಲ. ಉಳಿದಷ್ಟೂ ಸಲ ಮೇಜಿನ ಮೇಲೆ ಬಿದ್ದ ಎಲ್ಲ ಎಲೆಗಳೂ ಅದಕ್ಕಿಂತ ದೊಡ್ಡವೇ.

ಹಾಗಾದರೆ ಲಿಂಪ್ ಯಾವತ್ತೂ ತಪ್ಪೇ? ಈ ಪ್ರಶ್ನೆಗೆ ಮನುಷ್ಯರ ಅನುಭವದಾಚೆಯ ಒಂದು ಉತ್ತರವೂ ಇದೆ. 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟೌಮಾಸ್ ಸ್ಯಾಂಡ್‌ಹೋಮ್ ಮತ್ತು ಫೇಸ್‌ಬುಕ್ಕಿನ ನೋಮ್ ಬ್ರೌನ್ ‘ಪ್ಲೂರಿಬಸ್’ ಎಂಬ ಕಂಪ್ಯೂಟರ್ ಪ್ರೋಗ್ರಾಮಿನ ಬಗ್ಗೆ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಆರು ಜನರ ಮೇಜಿನಲ್ಲಿ ನುರಿತ ವೃತ್ತಿಪರರನ್ನು ಸೋಲಿಸಿದ ಮೊದಲ ಪ್ರೋಗ್ರಾಮು ಅದು. ಅದಕ್ಕೆ ಯಾರೂ ಪೋಕರ್ ಪುಸ್ತಕ ಓದಿಸಿರಲಿಲ್ಲ, ಮನುಷ್ಯರ ಆಟ ತೋರಿಸಿರಲಿಲ್ಲ. ತನ್ನ ಜೊತೆ ತಾನೇ ಆಡಿಕೊಂಡು ಕಲಿತದ್ದು. ಕಲಿಯುವಾಗ ಮೊದಮೊದಲು ಅದೂ ಲಿಂಪ್ ಮಾಡಿ ನೋಡಿತಂತೆ. ಆಡುತ್ತ ಹೋದಂತೆ ಆ ನಡೆಯನ್ನು ತಾನಾಗಿ ಕೈಬಿಟ್ಟಿತು. ಸಣ್ಣ ಬ್ಲೈಂಡಿನ ಕುರ್ಚಿಯೊಂದನ್ನು ಬಿಟ್ಟು ಬೇರೆಲ್ಲೂ ಲಿಂಪ್ ಲಾಭದ ನಡೆಯಲ್ಲ ಎಂಬ ಹಳಬರ ಮಾತನ್ನೇ ಅದರ ಆಟ ಕೊನೆಗೆ ಎತ್ತಿಹಿಡಿಯಿತು. ಹಳಬರ ಇನ್ನೊಂದೆರಡು ನಂಬಿಕೆಗಳನ್ನು ಅದೇ ಪ್ರೋಗ್ರಾಮು ಒಪ್ಪಲಿಲ್ಲ, ಹಾಗಾಗಿ ಇದು ಬರೀ ತಲೆಯಾಡಿಸಿದ್ದು ಎನ್ನಲಾಗದು.

ಲಿಂಪ್ ಯಾಕೆ ಸೋಲುತ್ತದೆ ಎಂದು ತಿಳಿಯಲು ಕಂಪ್ಯೂಟರೇನೂ ಬೇಕಿಲ್ಲ. ಏರಿಸಿದರೆ ಎಲ್ಲರೂ ಬಿಟ್ಟುಹೋಗಿ ಬ್ಲೈಂಡಿನ ಹಣ ಅಲ್ಲಿಯೇ ಸಿಗುವ ಒಂದು ಅವಕಾಶವಿದೆ. ಬಿಟ್ಟರೆ ಒಂದು ಪೈಸೆಯೂ ಹೋಗುವುದಿಲ್ಲ. ಲಿಂಪಿನಲ್ಲಿ ಎರಡೂ ಇಲ್ಲ. ಗೆಲ್ಲುವ ಒಂದು ದಾರಿಯನ್ನು ಮುಚ್ಚಿಕೊಂಡು, ತನ್ನ ಎಲೆ ಏರಿಸುವಷ್ಟು ಚೆನ್ನಾಗಿಲ್ಲ ಎಂದು ಎಂಟು ಜನಕ್ಕೆ ಸಾರಿದಂತಾಯಿತು. ಅದಕ್ಕೆ ಹತ್ತು ರೂಪಾಯಿ ಡಂಗುರದ ಖರ್ಚು ಬೇರೆ.

ವಿಚಿತ್ರವೆಂದರೆ, ಎಲೆ ಬಿಡುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಮುಂಬಯಿಯ ಲೋಕಲ್ ರೈಲಿನಲ್ಲಿ ಮೊಣಕಾಲ ಮೇಲೆ ಬ್ಯಾಗಿಟ್ಟು ರಮ್ಮಿ ಆಡುವವರನ್ನು ಕೇಳಿ. ಹದಿಮೂರು ಎಲೆ ಎತ್ತಿದಾಗ ಜೋಕರ್ ಇಲ್ಲ, ಪ್ಯೂರ್ ಸೀಕ್ವೆನ್ಸ್ ಕೂಡುವ ಲಕ್ಷಣವೂ ಇಲ್ಲ ಎಂದರೆ ಪಳಗಿದವರು ಮೊದಲ ಸರದಿಯಲ್ಲೇ ಡ್ರಾಪ್ ಎನ್ನುತ್ತಾರೆ. ಅದಕ್ಕೆ 20 ಅಂಕ ದಂಡ. ಒಂದೆರಡು ಎಲೆ ಎಳೆದು ನೋಡಿ ಆಮೇಲೆ ಬಿಟ್ಟರೆ 40. ಕೊನೆತನಕ ಕೂತು ಸೋತರೆ 80ರವರೆಗೆ. ‘ನೋಡೋಣ’ ಎಂಬ ಮಾತಿನ ಬೆಲೆಯನ್ನು ಆ ಆಟ ಮೊದಲೇ ಬರೆದಿಟ್ಟಿದೆ, ಇಪ್ಪತ್ತರ ಜಾಗದಲ್ಲಿ ನಲವತ್ತು. ತೀನ್ ಪತ್ತಿಯಲ್ಲೂ ಹಾಗೇ. ಎಲೆ ನೋಡದೆ ಬ್ಲೈಂಡ್ ಆಡುವವರು ಹಾಕಿದ್ದರ ಎರಡರಷ್ಟನ್ನು ನೋಡಿದವರು ಹಾಕಬೇಕು. ನೋಡುವುದಕ್ಕೆ ಬೆಲೆ ಇದೆ, ಅದು ಎಲ್ಲರಿಗೂ ಗೊತ್ತು. ಪೋಕರ್ ಮಾತ್ರ ಈ ಬೆಲೆಯನ್ನು ನಿಯಮವಾಗಿ ಬರೆದಿಡದೆ ಕುರ್ಚಿಯೊಳಗೆ ಅಡಗಿಸಿಟ್ಟಿದೆ. ರಮ್ಮಿಯಲ್ಲಿ ಬಿಡುವುದಕ್ಕೂ 20 ಅಂಕ ತೆರಬೇಕು. ತೀನ್ ಪತ್ತಿಯಲ್ಲಿ ಆಗಲೇ ಹಾಕಿದ ಬೂಟ್ ಹೋಗುತ್ತದೆ. ಪೋಕರ್‌ನ ಮೊದಲ ಕುರ್ಚಿಯಲ್ಲಿ ಬಿಡುವುದು ಪೂರ್ತಿ ಬಿಟ್ಟಿ. ಆದರೂ ರಮ್ಮಿಯಲ್ಲಿ ಕಣ್ಣು ಮಿಟುಕಿಸದೆ ಡ್ರಾಪ್ ಎನ್ನುವ ಅದೇ ಮನುಷ್ಯ ಪೋಕರ್‌ನಲ್ಲಿ ರಾಜ–ಹತ್ತನ್ನು ಎದೆಗವಚಿಕೊಂಡು ಕೂರುತ್ತಾನೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಎನ್ನುವುದು ಇಲ್ಲಿಯೂ ನಿಜವಾದಂತಿದೆ.

ಎಲೆ ಬಿಡುವುದಕ್ಕೆ ಇಂಗ್ಲಿಷಿನಲ್ಲಿ ಮಡಚುವುದು ಎನ್ನುತ್ತಾರೆ. ಕನ್ನಡದಲ್ಲಿ ಯಾರೂ ಎಲೆ ಮಡಚುವುದಿಲ್ಲ. ‘ಪ್ಯಾಕ್’ ಎನ್ನುತ್ತಾರೆ, ‘ಎಸೆದೆ’ ಎನ್ನುತ್ತಾರೆ, ಹೆಚ್ಚಾಗಿ ‘ಬಿಟ್ಟೆ’ ಎನ್ನುತ್ತಾರೆ. ಈ ‘ಬಿಡು’ ಧಾತುವಿನ ಒಂದು ಗುಣ ಗಮನಿಸುವಂಥದ್ದು. ಒಂಟಿಯಾಗಿ ನಿಂತಾಗ ಅದು ತ್ಯಾಗ. ಇನ್ನೊಂದು ಕ್ರಿಯಾಪದದ ಬಾಲವಾದಾಗ ತದ್ವಿರುದ್ಧ, ಕೈಮೀರಿ ನಡೆದುಹೋದದ್ದರ ಗುರುತು. ‘ಬಿಟ್ಟೆ’ ಎಂದವರು ಹಣ ಉಳಿಸಿಕೊಂಡಿದ್ದಾರೆ, ‘ಆಡಿಬಿಟ್ಟೆ’ ಎಂದವರು ಕಳೆದುಕೊಂಡಿದ್ದಾರೆ. ‘ನೋಡು’ ಕೂಡ ಇಂಥದ್ದೇ. ‘ನೋಡಿ ಆಡು’ ಎಂದರೆ ಎಚ್ಚರಿಕೆ, ‘ಆಡಿ ನೋಡು’ ಎಂದರೆ ಪ್ರಯೋಗ. ಬಟನ್ನಿನಲ್ಲಿ ಕೂತವರಿಗೆ ಮೊದಲನೆಯದು ಸಾಧ್ಯ, ಅವರ ಮುಂದೆ ಉಳಿದವರೆಲ್ಲ ಮಾತಾಡಿ ಆಗಿರುತ್ತದೆ. ಮೊದಲ ಕುರ್ಚಿಯವರಿಗೆ ಸಾಧ್ಯವಿರುವುದು ಎರಡನೆಯದು ಮಾತ್ರ. ಅವರು ಬಾಯಲ್ಲಿ ‘ನೋಡೋಣ’ ಎಂದರೂ ಮಾಡುತ್ತಿರುವುದು ಆಡಿ ನೋಡುವ ಕೆಲಸವೇ.

ಇಷ್ಟು ಸರಳವಾದದ್ದು ಜನಕ್ಕೆ ಯಾಕೆ ಹಿಡಿಸುವುದಿಲ್ಲ? ಪೋಕರ್ ಕಲಿತದ್ದು ಟಿವಿಯಿಂದ ಎಂಬುದು ಒಂದು ಕಾರಣ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್, ಸಣ್ಣ ಮೊತ್ತದ ಆನ್‌ಲೈನ್ ಟೂರ್ನಿಯಿಂದ ಅರ್ಹತೆ ಪಡೆದು ಬಂದು, ಲಾಸ್ ವೇಗಸ್ಸಿನ ವರ್ಲ್ಡ್ ಸೀರೀಸ್‌ನ ಮುಖ್ಯ ಸ್ಪರ್ಧೆಯಲ್ಲಿ 25 ಲಕ್ಷ ಡಾಲರ್ ಗೆದ್ದ. ಹೆಸರೂ ಎಂಥ ಹೆಸರು! ಆಟಗಾರರ ಗುಟ್ಟಿನ ಎಲೆಗಳನ್ನು ವೀಕ್ಷಕರಿಗೆ ತೋರಿಸುವ ಕ್ಯಾಮೆರಾ ಆ ಹೊತ್ತಿಗೆ ಬಂದಾಗಿತ್ತು. ದಿನಗಟ್ಟಲೆ ನಡೆದ ಆಟವನ್ನು ಕೆಲವು ಗಂಟೆಗೆ ಇಳಿಸುವಾಗ ಸಂಪಾದಕರು ಕತ್ತರಿಸಿದ್ದು ಏನನ್ನು? ಒಬ್ಬರಾದ ಮೇಲೊಬ್ಬರು ಎಲೆ ಬಿಟ್ಟದ್ದನ್ನು. ಉಳಿದದ್ದು ಗುದ್ದಾಟ, ಕಣ್ಣೀರು, ಕಪ್ಪು ಕನ್ನಡಕ. ನೋಡಿದವರು ಪೋಕರ್ ಎಂದರೆ ಇದೇ ಎಂದುಕೊಂಡರು. ಅಡುಗೆಯ ವಿಡಿಯೊ ನೋಡಿದವರು ಪಾತ್ರೆ ತೊಳೆಯುವ ಕೆಲಸವೇ ಇಲ್ಲ ಎಂದುಕೊಂಡಂತೆ.

ಇನ್ನೊಂದು ಕಾರಣ ದಂತಕಥೆಗಳು. ಟೆಕ್ಸಸ್ಸಿನ ಡಾಯ್ಲ್ ಬ್ರನ್ಸನ್ 1976ರಲ್ಲೂ 1977ರಲ್ಲೂ ಅದೇ ಮುಖ್ಯ ಸ್ಪರ್ಧೆ ಗೆದ್ದ. ಎರಡು ವರ್ಷವೂ ಕೊನೆಯ ಆಟದಲ್ಲಿ ಅವನ ಕೈಯಲ್ಲಿದ್ದದ್ದು ಹತ್ತು–ಎರಡು. ಕಸವೆಂದರೆ ಕಸ, ಎರಡು ಸಲವೂ ಅದು ಫುಲ್ ಹೌಸ್ ಆಯಿತು. ಇಂದಿಗೂ ಹತ್ತು–ಎರಡಕ್ಕೆ ಅವನದೇ ಹೆಸರು. ಎಲೆಯಲ್ಲೇನಿದೆ, ಆಡುವವರಲ್ಲಿದೆ ಎನ್ನುವವರು ಈ ಕಥೆಯನ್ನು ಹೇಳದೆ ಇರುವುದಿಲ್ಲ. ಹೇಳುವಾಗ ಒಂದು ವಿವರ ಬಿಟ್ಟುಹೋಗುತ್ತದೆ. ಅವು ಕೊನೆಯ ಆಟಗಳು, ಮೇಜಿನಲ್ಲಿ ಉಳಿದಿದ್ದವರು ಇಬ್ಬರೇ. ಹಿಂದೆ ಎಂಟು ಜನ ಕಾಯುತ್ತಿರಲಿಲ್ಲ. ಇಬ್ಬರ ಆಟದಲ್ಲಿ ಎಲೆ ಕಾಯುತ್ತ ಕೂತರೆ ಬ್ಲೈಂಡೇ ತಿಂದುಹಾಕುತ್ತದೆ, ಅಲ್ಲಿ ಹತ್ತು–ಎರಡಕ್ಕೂ ಒಂದು ಕಾಲ ಬರುತ್ತದೆ. ಅದೇ ಹತ್ತು–ಎರಡನ್ನು ಒಂಬತ್ತು ಜನರ ಮೊದಲ ಕುರ್ಚಿಯಲ್ಲಿ ಆಡಿದವರ ಹೆಸರು ಯಾರಿಗೂ ನೆನಪಿಲ್ಲದಿರುವುದು ಆಕಸ್ಮಿಕವಲ್ಲ.

ಎದುರುವಾದಗಳಲ್ಲಿ ಎರಡಕ್ಕೆ ತೂಕವಿದೆ. ಮೊದಲ ಕುರ್ಚಿಯಲ್ಲಿ ದೊಡ್ಡ ಎಲೆಗೆ ಮಾತ್ರ ಬಾಯಿ ಬಿಡುವವರನ್ನು ಉಳಿದವರು ಬೇಗ ಓದಿಬಿಡುತ್ತಾರೆ, ಅವರು ಏರಿಸಿದೊಡನೆ ಎಲ್ಲರೂ ಎದ್ದು ಹೋಗುತ್ತಾರೆ ಎನ್ನುವುದು ಒಂದು. ಪಳಗಿದವರ ಮೇಜಿನಲ್ಲಿ ಇದು ನಿಜ. ಅದಕ್ಕೇ ಇವತ್ತಿನ ಕಂಪ್ಯೂಟರ್ ಲೆಕ್ಕಗಳು ಮೊದಲ ಕುರ್ಚಿಗೂ ಒಂದೇ ಬಣ್ಣದ ಎಕ್ಕ–ಐದರಂಥ ಕೆಲವು ಸಣ್ಣ ಎಲೆಗಳನ್ನು ಸೇರಿಸುತ್ತವೆ. ಆದರೆ ಅವನ್ನು ಏರಿಸಿ ಆಡುತ್ತವೆ, ಲಿಂಪ್ ಮಾಡಿ ಅಲ್ಲ. ಎಲ್ಲ ಸೇರಿಸಿದರೂ ಒಂಬತ್ತು ಜನರ ಮೇಜಿನಲ್ಲಿ ಮೊದಲ ಕುರ್ಚಿಯವರು ಆಡುವುದು ಏಳೆಂಟು ಕೈಗೆ ಒಂದು ಕೈಯಷ್ಟು. ಬಟನ್ನಿನಲ್ಲಿ ಅದು ಅರ್ಧದ ಹತ್ತಿರ ಹೋಗುತ್ತದೆ. ಶನಿವಾರ ರಾತ್ರಿಯ ಗೆಳೆಯರ ಗುಂಪು ಯಾರನ್ನೂ ಅಷ್ಟು ಆಳವಾಗಿ ಓದುವುದೂ ಇಲ್ಲ. ಬಿರಿಯಾನಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದರ ಮೇಲೆ ಅವರ ಗಮನ ಹೆಚ್ಚು.

ಎರಡನೆಯದು ಬೇಸರ. ಗಂಟೆಗೆ ಇಪ್ಪತ್ತೈದು–ಮೂವತ್ತು ಕೈ ನಡೆಯುವ ಮನೆಯ ಆಟದಲ್ಲಿ ನಾಲ್ಕು ಗಂಟೆ ಕೂತರೆ ಮೊದಲ ಕುರ್ಚಿ ಸುಮಾರು ಹನ್ನೆರಡು ಸಲ ಬರುತ್ತದೆ. ಅದರಲ್ಲಿ ಹತ್ತು ಸಲ ಸುಮ್ಮನೆ ಎಲೆ ಎಸೆದು ಕೂರಬೇಕು ಎಂದರೆ ಯಾರಿಗಾದರೂ ಬೇಜಾರೇ. ಆಡಲು ಬಂದವರು ಆಡಬೇಡವೇ? ಈ ಪ್ರಶ್ನೆ ನ್ಯಾಯವಾದದ್ದು. ಗೆಳೆಯರ ನಡುವೆ ಹತ್ತು ರೂಪಾಯಿಗೆ ಆಡುವವರು ಸಿನಿಮಾ ಟಿಕೆಟ್ಟಿಗೆ ಕೊಟ್ಟಂತೆ ಕೊಟ್ಟು ಎಲ್ಲ ಕೈಯನ್ನೂ ಆಡಿದರೆ ಯಾರದೂ ಆಕ್ಷೇಪವಿಲ್ಲ. ರಾತ್ರಿಯಿಡೀ ಹುಲಿಯಂತೆ ಕಾದು ಕೂತು ಗೆಳೆಯನ ಐನೂರು ರೂಪಾಯಿ ಕೀಳುವವರಿಗಿಂತ ಅವರ ಸಂಗ ಎಷ್ಟೋ ಮೇಲು. ಅದು ಮನರಂಜನೆಯ ಖರ್ಚು ಎಂದು ಮಾತ್ರ ಒಪ್ಪಿಕೊಳ್ಳಬೇಕು. ಜಾಗ್ರತೆಯ ಆಟ ಎಂದು ಕರೆಯಬಾರದು.

ಹತ್ತು ರೂಪಾಯಿಯ ಮೇಜಿನಾಚೆಗೆ ಹೋದರೆ ಈ ವ್ಯತ್ಯಾಸ ಬರೀ ಮಾತಿನದಲ್ಲ. ಬೆಳಗಾವಿ, ಹುಬ್ಬಳ್ಳಿ, ಪುಣೆಯ ಕಾರುಗಳು ವಾರಾಂತ್ಯಕ್ಕೆ ಪಣಜಿಗೆ ಇಳಿಯುತ್ತವೆ. ಮಾಂಡವಿ ನದಿಯ ಮೇಲೆ ದೀಪ ಹಚ್ಚಿಕೊಂಡು ನಿಂತ ಕ್ಯಾಸಿನೊ ಹಡಗುಗಳು ಕಾದಿರುತ್ತವೆ. ಪೋಕರ್‌ನಲ್ಲಿ ಕ್ಯಾಸಿನೊ ಯಾರ ವಿರುದ್ಧವೂ ಆಡುವುದಿಲ್ಲ. ಮಧ್ಯದಲ್ಲಿ ಸೇರಿದ ಹಣದಿಂದ ಒಂದು ಪಾಲು ತೆಗೆದುಕೊಳ್ಳುತ್ತದೆ, ಅದಕ್ಕೆ ರೇಕ್ ಎಂದು ಹೆಸರು. ಪೋಕರ್ ಲೋಕದಲ್ಲಿ ವ್ಯಾಪಕವಾಗಿರುವ ಪದ್ಧತಿಯೊಂದರ ಪ್ರಕಾರ, ಫ್ಲಾಪ್ ಬೀಳುವ ಮೊದಲೇ ಆಟ ಮುಗಿದರೆ ರೇಕ್ ಇಲ್ಲ. ಎಲ್ಲರೂ ಬಿಟ್ಟ ಕೈಯಿಂದ ಮನೆಯವರಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಹುಟ್ಟುವುದು ‘ನೋಡೋಣ’ ಎಂದವರು ಸೇರಿ ಫ್ಲಾಪ್ ತರಿಸಿದಾಗ. ದುರ್ಬಲ ಎಲೆಯ ಸಣ್ಣ ಗೆಲುವಿನಿಂದಲೂ ರೇಕ್ ಕಡಿತವಾಗುತ್ತದೆ, ದೊಡ್ಡ ಸೋಲಿಗೆ ಮಾತ್ರ ರಿಯಾಯಿತಿ ಇಲ್ಲ.

ಪೋಕರ್ ಕೌಶಲದ ಆಟವೋ ಅದೃಷ್ಟದ ಆಟವೋ ಎಂದು ನಮ್ಮ ನ್ಯಾಯಾಲಯಗಳು ವರ್ಷಗಟ್ಟಲೆ ಜಗ್ಗಾಡಿವೆ. 1960ರ ದಶಕದಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟ ಎಂದಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ, ಬಿದ್ದ ಎಲೆಗಳ ನೆನಪಿನ ಜೊತೆಗೆ, ಯಾವ ಎಲೆ ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂಬ ವಿವೇಚನೆಯೂ ಇತ್ತು. ಪೋಕರ್ ವಿಷಯದಲ್ಲಿ ಒಮ್ಮತ ಇರಲಿಲ್ಲ. ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂದು 2013ರಲ್ಲಿ ಕರ್ನಾಟಕ ಹೈಕೋರ್ಟ್, ಇದು ಅದೃಷ್ಟದಾಟವೇ ಎಂದು 2017ರಲ್ಲಿ ಗುಜರಾತ್ ಹೈಕೋರ್ಟ್. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾನೂನು ಈ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು.

ಆ ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಅದಕ್ಕೂ ಮೊದಲಿನ ವರ್ಷಗಳಲ್ಲಿ ‘ಕೌಶಲದ ಆಟ’ ಎಂಬ ಕಾನೂನಿನ ಪದ ಜಾಹೀರಾತಿನ ಪದವಾಗಿ ಬದಲಾದ ರೀತಿ ಮಾತ್ರ ಇಲ್ಲಿಗೆ ಸಂಬಂಧಿಸಿದ್ದು. ಇದು ಕೌಶಲದ ಆಟ ಎಂದು ಕೇಳಿದವರು, ಹಾಗಾದರೆ ನನಗೆ ಕೌಶಲವಿದೆ ಎಂದು ಅರ್ಥಮಾಡಿಕೊಂಡರು. ಅದರ ನಿಜವಾದ ಅರ್ಥ ಅಷ್ಟು ಹಿತವಾದದ್ದಲ್ಲ. ಜಾತ್ರೆಯ ಅಂದರ್ ಬಾಹರ್‌ನಲ್ಲಿ ಏನೂ ಗೊತ್ತಿಲ್ಲದವರಿಗೂ ಎಲ್ಲ ಗೊತ್ತಿದ್ದವರಿಗೂ ಎಲೆ ಬೀಳುವುದು ಒಂದೇ ಥರ. ಕೌಶಲದ ಆಟದಲ್ಲಿ ಹಾಗಿಲ್ಲ. ಅಲ್ಲಿ ಗೊತ್ತಿಲ್ಲದವರ ಹಣ ಗೊತ್ತಿರುವವರ ಕಡೆಗೆ ನಿಧಾನವಾಗಿ, ಹೆಚ್ಚುಕಡಿಮೆ ಖಚಿತವಾಗಿ ಹರಿಯುತ್ತದೆ. ಮೇಜಿನ ಉಳಿದ ಎಂಟು ಜನರಲ್ಲಿ ಗೊತ್ತಿರುವವರು ಯಾರು ಎಂದು ಕಂಡುಹಿಡಿಯಲು ಒಂದು ಸುಲಭ ದಾರಿಯಿದೆ. ಅವರು ಗೆದ್ದ ಕೈಗಳನ್ನು ನೋಡುವುದು ಬೇಡ. ಮೊದಲ ಕುರ್ಚಿ ಬಂದಾಗ ಅವರು ಏನು ಮಾಡುತ್ತಾರೆ ಎಂದು ಒಂದು ಗಂಟೆ ನೋಡಿದರೆ ಸಾಕು. ಎಲೆಯ ತುದಿ ಎತ್ತಿ ನೋಡುತ್ತಾರೆ, ಬಿಡುತ್ತಾರೆ, ನೀರು ಕುಡಿಯುತ್ತಾರೆ. ಆಮೇಲೆ ಉಳಿದವರ ಆಟವನ್ನು ನೋಡುತ್ತ ಕೂರುತ್ತಾರೆ.

ಹಾಗೆ ಬಿಟ್ಟವರು ಬಹಳ ಹೊತ್ತು ಕಾಯಬೇಕಾಗಿಯೂ ಇಲ್ಲ. ಬಟನ್ ಒಂದು ಕುರ್ಚಿ ಮುಂದೆ ಸರಿದರೆ, ಈ ಸಲದ ಮೊದಲ ಕುರ್ಚಿಯವರೇ ಮುಂದಿನ ಸಲದ ದೊಡ್ಡ ಬ್ಲೈಂಡ್. ಅಲ್ಲಿ ಹಣ ಮೊದಲೇ ಹಾಕಿ ಆಗಿರುತ್ತದೆ, ಫ್ಲಾಪಿಗೆ ಮೊದಲಿನ ಸುತ್ತಿನಲ್ಲಿ ಕೊನೆಗೆ ಮಾತಾಡುವವರೂ ಅವರೇ. ಯಾರೂ ಏರಿಸದಿದ್ದರೆ ಏಳು–ಎರಡು ಹಿಡಿದುಕೊಂಡೂ ಫ್ಲಾಪ್ ನೋಡಬಹುದು, ಹೊಸದಾಗಿ ಒಂದು ರೂಪಾಯಿಯನ್ನೂ ಹಾಕದೆ.